ಆರು ಮತ್ತೊಂದು

ನಮ್ಮ ಮನೆಯಲ್ಲಿ ಏಳು ಎಂಬ ಅಂಕಿಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದು ನನ್ನ ಅತ್ತೆ ತಂದ ಕಟ್ಟಳೆ. ಅವರು ಪಾವಗಡ ಸೀಮೆಯವರು, ವೈ.ಎನ್.ಹೊಸಕೋಟೆ ಹತ್ತಿರದ ಒಂದು ಹಳ್ಳಿ, ಮನೆಮಾತು ತೆಲುಗು. ತೆಲುಗಿನಲ್ಲಿ ಏಳಕ್ಕೆ ‘ಏಡು’ ಅನ್ನುತ್ತಾರೆ. ಅಳು ಅನ್ನುವುದಕ್ಕೂ ‘ಏಡು’ ಅಂತಲೇ. ಕಣದಲ್ಲಿ ಕಡಲೆಕಾಯಿ ಅಳೆಯುವವನು ಆರನೆಯ ಅಳತೆ ಸುರಿದಾದ ಮೇಲೆ ಏಡು ಅಂದುಬಿಟ್ಟರೆ, ರಾಶಿಯ ಮುಂದೆ ನಿಂತು ‘ಅಳು’ ಎಂದು ಶಾಪ ಹಾಕಿದ ಹಾಗೆ. ಅದಕ್ಕೇ ಅವರು ‘ಆರುನ್ನೊಕ್ಕಟಿ’ ಎಂದು ದಾಟಿಕೊಂಡು ಎಂಟಕ್ಕೆ ಹೋಗುತ್ತಾರೆ. ನನ್ನ ಹೆಂಡತಿ ಅದನ್ನೇ ಕನ್ನಡಕ್ಕೆ ತಂದು ‘ಆರು ಮತ್ತೊಂದು’ ಮಾಡಿಕೊಂಡಿದ್ದಳು. ಮಧುಗಿರಿ ಬಸ್ಸು ಆರು ಮತ್ತೊಂದು ಗಂಟೆಗೆ. ಪಕ್ಕದ ಮನೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸು ಆರು ಮತ್ತೊಂದು ತಿಂಗಳಿನದು.

ನಮ್ಮ ಕನ್ನಡದಲ್ಲಿ ಏಳು ಅಂದರೆ ಮೇಲಕ್ಕೇಳು. ಅದರಲ್ಲಿ ಹೆದರುವುದು ಏನಿದೆ? ಮದುವೆಯಾದ ಹೊಸದರಲ್ಲಿ ನಾನು ಬೇಕೆಂದೇ ಹೇಳುತ್ತಿದ್ದೆ. ಅತ್ತೆ ಮಾತಾಡದೆ ಎದ್ದು ಒಳಗೆ ಹೋಗಿ ದೇವರ ಮುಂದಿನ ವಿಭೂತಿ ತಂದು ಹೊಸಿಲಿಗೆ ಹಚ್ಚುತ್ತಿದ್ದರು. ನಗು ಬರುತ್ತಿತ್ತು. ಬರಬರುತ್ತಾ ನಾನೂ ಹೇಳುವುದನ್ನು ಬಿಟ್ಟೆ. ಹೆದರಿಕೆಗೆ ಅಲ್ಲ, ಮನೆಯಲ್ಲಿ ನೆಮ್ಮದಿ ಇರಲಿ ಎಂದು.

ನಾನು ಕಲ್ಲಿನ ಕೆಲಸದವನು. ಕೊಡಿಗೇನಹಳ್ಳಿ ದಾಟಿ ಹೋದರೆ ಸಿಗುವ ಕ್ವಾರಿಯಲ್ಲಿ ಬಂಡೆ ಸೀಳುತ್ತೇನೆ. ನಾಲ್ಕನೇ ಕ್ಲಾಸು ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಸುತ್ತಿಗೆ ಹಿಡಿದವನು ಇವತ್ತಿಗೂ ಹಿಡಿದಿದ್ದೇನೆ. ಹಿಂದೂಪುರದ ರಸ್ತೆಯಲ್ಲಿ ಹೋಗುವಾಗ ಹೊಲದ ಬೇಲಿಗೆ ನಿಲ್ಲಿಸಿದ ಕಲ್ಲುಕಂಬಗಳನ್ನು ನೋಡಿ, ಇದು ನನ್ನ ಕೈಯದು, ಇದು ಅಲ್ಲ ಎಂದು ಬಸ್ಸಿನಲ್ಲಿ ಕೂತೇ ಹೇಳಬಲ್ಲೆ. ನನ್ನ ಮನೆಯ ಪಾಯದಿಂದ ಜಗಲಿಯವರೆಗೆ ಪ್ರತಿ ಕಲ್ಲನ್ನೂ ನಾನೇ ಒಡೆದು ನಾನೇ ಕೂರಿಸಿದೆ. ಓದಲಿಲ್ಲ ಎಂದು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆದರೆ ನನ್ನ ಮಗಳು ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ: ನಾನು ನಿಂತ ಕಡೆ ಅವಳು ನಿಲ್ಲಬಾರದು.

ಅವಳಿಗೆ ಶಾಲೆಯ ಬಾಯಿ ಬೇರೆ, ಮನೆಯ ಬಾಯಿ ಬೇರೆ ಇತ್ತು. ಶಾಲೆಯಲ್ಲಿ ಏಳರ ಮಗ್ಗಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವಳು, ಮನೆಯ ಹೊಸಿಲು ದಾಟುತ್ತಲೇ ಆರು ಮತ್ತೊಂದು ಅನ್ನುವಳು. ಮಕ್ಕಳು ಇಂಥದ್ದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಒಂದು ದಿನ ಮಾತ್ರ ಎರಡು ಬಾಯಿಯೂ ಬೆರೆತುಹೋಯಿತು. ಅವತ್ತು ಹಳೆಯ ಹೆಡ್‌ಮಾಸ್ತರು ಅವಳನ್ನು ಮುಂದೆ ನಿಲ್ಲಿಸಿ ಇಡೀ ಕ್ಲಾಸಿಗೆ ಮಗ್ಗಿ ಹೇಳಿಸಿದ್ದರಂತೆ. ಆ ಹುರುಪಿನಲ್ಲಿ ಮಧ್ಯಾಹ್ನ ಮನೆಗೆ ಓಡಿಬಂದು, ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ಕೈಕಟ್ಟಿ ನಿಂತು ಶುರುಮಾಡಿದಳು:

“ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು...”

ಅತ್ತೆ ಮೊರ ಬಿಸಾಡಿ ಎದ್ದು ಅವಳ ಬಾಯಿ ಮುಚ್ಚಿದರು. “ಆ ಮಾಟ ಅನೊದ್ದು! ಆ ಮಾತು ಆಡಬ್ಯಾಡ ತಾಯಿ, ಗಂಡಸರು ಬಂಡೆ ಮೇಲವರೆ!”

ಮಗಳು ಅಜ್ಜಿಯ ಕೈ ಕಿತ್ತುಕೊಂಡು ನಗುತ್ತಾ ಅಂಗಳ ಸುತ್ತಿ ಸುತ್ತಿ ಪೂರಾ ಮಗ್ಗಿ ಹೇಳಿ ಮುಗಿಸಿಯೇ ನಿಲ್ಲಿಸಿದಳಂತೆ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಹೆಂಡತಿ. ನಾನು ಆ ಹೊತ್ತಿಗೆ ಕ್ವಾರಿಯಲ್ಲಿದ್ದೆ. ನನ್ನಿಂದ ಕೂಗಳತೆಯಲ್ಲಿ ಹೆಂಡತಿಯ ತಮ್ಮ ಒಂದು ಕಲ್ಲುದಿಮ್ಮಿಯ ಅಡಿಗೆ ಬಗ್ಗಿ ಚೂರು ತೆಗೆಯುತ್ತಿದ್ದ. ಅತ್ತೆಗೆ ಇರುವವನು ಅವನೊಬ್ಬನೇ ಮಗ. ನನ್ನ ಜೊತೆ ಕೆಲಸಕ್ಕೆಂದೇ ಅವನನ್ನು ಕರೆತಂದು ಅತ್ತೆಯೂ ನಮ್ಮ ಮನೆಯಲ್ಲೇ ಇದ್ದರು. ದಿಮ್ಮಿ ಹೊರಳಿತು. ಅದು ಕಾಲಿನ ಮೇಲೆ ಬಂದ ಸದ್ದಿಗಿಂತ ಅದಾದ ಮೇಲಿನ ನಿಶ್ಶಬ್ದ ನನಗೆ ಹೆಚ್ಚು ನೆನಪಿದೆ. ಮಧುಗಿರಿ ಆಸ್ಪತ್ರೆ, ಅಲ್ಲಿಂದ ತುಮಕೂರು. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಅವನು ಮೊದಲಿಂದಲೂ ತಮಾಷೆಯ ಮನುಷ್ಯ. ಆಸ್ಪತ್ರೆಯಿಂದ ಬಂದ ದಿನ ಜಗಲಿಯ ಮೇಲೆ ಕೂರಿಸಿದೆವು. ಅಕ್ಕಪಕ್ಕದವರು ನೋಡಲು ಬಂದಿದ್ದರು. ಯಾರೋ “ಹೆಂಗಾಯ್ತಪ್ಪಾ?” ಅಂದರು. ಇವನು ಅಕ್ಕನ ಮಗಳ ಕಡೆ ಕಣ್ಣು ಹೊಡೆದು, “ಇವ್ಳು ಮಗ್ಗಿ ಹೇಳಿದ್ಳಂತೆ ಕಣಣ್ಣ. ಅದು ಬಂದು ನನ್ ಕಾಲು ತಗೊಂಡೋಯ್ತು,” ಅಂದ.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳೂ ನಗಲಿಲ್ಲ. ಅವಳು ಮಾವನ ಮಡಚಿದ ಪಂಚೆಯನ್ನೇ ನೋಡುತ್ತಿದ್ದಳು.

ಆಮೇಲಿಂದ ಅವಳ ಬಾಯಲ್ಲಿ ಆ ಅಂಕಿ ಬರಲಿಲ್ಲ. ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ. ಕ್ವಾರಿಯಲ್ಲಿ ಬಂಡೆ ಸಿಡಿಸಲು ಮದ್ದು ಹಾರಿಸುವ ದಿನ ಊರಿಗೆ ಸದ್ದು ಕೇಳಿಸುತ್ತದೆ. ಅವಳು ಆಡುತ್ತಿದ್ದ ಆಟ ಬಿಟ್ಟು ಬೀದಿಯ ತುದಿಗೆ ಹೋಗಿ, ನನ್ನ ಬೈಕು ಕಾಣುವವರೆಗೆ ನಿಂತಿರುತ್ತಿದ್ದಳು. ಕಂಡ ಮೇಲೆ ಓಡಿಬಂದು ಅಪ್ಪಿಕೊಳ್ಳುತ್ತಲೂ ಇರಲಿಲ್ಲ. ನನ್ನ ಎರಡು ಕಾಲನ್ನೂ ಒಮ್ಮೆ ನೋಡಿ ಒಳಗೆ ಹೋಗುವಳು.

ಆ ವರ್ಷವೇ ಹೆಡ್‌ಮಾಸ್ತರಿಗೆ ವರ್ಗವಾಗಿ, ಅವರ ಜಾಗಕ್ಕೆ ಅತಿಥಿ ಶಿಕ್ಷಕಿಯೊಬ್ಬರು ಬಂದರು. ಸಿರಾದ ಮುಸ್ಲಿಮರ ಹೆಣ್ಣುಮಗಳು, ಚಿಕ್ಕ ವಯಸ್ಸು. ಅವರು ಬಂದ ಮೇಲೆ ಶಾಲೆ ಸುಮ್ಮನಾಗಿಬಿಟ್ಟಿತು. ಮೊದಲು ಹೊಲದಲ್ಲಿದ್ದವರಿಗೂ ಕೇಳುವಂತೆ ಮಗ್ಗಿಯ ಕೂಗು ಬರುತ್ತಿತ್ತು. ಈಗ ಕಿಟಕಿಯಲ್ಲಿ ಇಣುಕಿದರೆ ಮಕ್ಕಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹುಣಸೆಬೀಜ ಜೋಡಿಸುತ್ತಿರುತ್ತಿದ್ದರು. ಊರಿನವರಿಗೆ ಅದು ಸರಿ ಕಾಣಲಿಲ್ಲ. “ಮಗ್ಗಿ ಇಲ್ದಿರೋ ಇಸ್ಕೂಲು ಗಂಟೆ ಇಲ್ದಿರೋ ಗುಡಿ ಇದ್ದಂಗೆ,” ಎಂದು ಟೀ ಅಂಗಡಿಯಲ್ಲಿ ಒಬ್ಬರು ಅಂದರು. ಇನ್ನೊಬ್ಬರು, “ಪಗಡೆ ಆಡ್ಸೋಕೆ ಸರ್ಕಾರದ ಸಂಬಳ ಕಣ್ಲಾ,” ಅಂದರು. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೆ ಸರಿಯಾಗಿ ಒಂದು ದಿನ ಮಗಳ ಸ್ಲೇಟು ನೋಡಿದೆ. ಉಳಿದ ಲೆಕ್ಕವೆಲ್ಲ ಸರಿ. ಎಲ್ಲಿ ಏಳು ಬಂದಿದೆಯೋ ಅಲ್ಲಿ ಮಾತ್ರ ತಪ್ಪು. ಮೂರೇಳ್ಲಿ ಹತ್ತೊಂಬತ್ತು, ನಾಲ್ಕೇಳ್ಲಿ ಇಪ್ಪತ್ತೈದು, ಎಂಟೇಳ್ಲಿ ನಲವತ್ತೊಂಬತ್ತು. ಅಷ್ಟು ಮಗ್ಗಿ ನನಗೂ ಗೊತ್ತು.

ಜಗಳಕ್ಕೆಂದೇ ಹೋದೆ. ಕಲ್ಲಿನ ಪುಡಿ ಮೆತ್ತಿದ ಅಂಗಿಯಲ್ಲೇ ಹೋಗಿ ಬಾಗಿಲಲ್ಲಿ ನಿಂತೆ.

“ಮೇಡಂ, ಬೀಜ ಗೀಜ ಸಾಕು. ಮಗ್ಗಿ ಹೇಳ್ಸಿ. ನನ್ ಮಗ್ಳು ಮುಂಚೆ ಚೆನ್ನಾಗೇ ಹೇಳ್ತಿದ್ಳು, ನೀವು ಬಂದ್ಮೇಲೆ ಮರೆತ್ಬುಟ್ಳು.”

ಆಕೆ ಕೋಪ ಮಾಡಿಕೊಳ್ಳಲಿಲ್ಲ. “ಅರೆ, ಕೂತ್ಕೊಳ್ಳಿ ಅಣ್ಣಾ. ನಾನೇ ನಿಮ್ಮನ್ನ ಕರೆಸ್ಬೇಕು ಅಂತಿದ್ದೆ. ಅವಳು ಮರೆತಿಲ್ಲ. ತಪ್ಪನ್ನೂ ಸುಮ್ಮನೆ ಮಾಡ್ತಿಲ್ಲ. ಜರಾ ನೋಡಿ.”

ಮಗಳನ್ನು ಕರೆದು ಕೇಳಿದರು. “ಎಂಟು ಇಂಟು ಇದು ಎಷ್ಟಮ್ಮ?” ಬಾಯಲ್ಲಿ ಹೇಳದೆ ಬೋರ್ಡಿನ ಮೇಲಿದ್ದ ಏಳನ್ನು ಬೆರಳಿಟ್ಟು ತೋರಿಸಿದರು.

ಮಗಳು ನನ್ನನ್ನು ನೋಡಿದಳು, ನೆಲ ನೋಡಿದಳು. “ಎಂಟು ಆರು ಮತ್ತೊಂದು,” ಅಂದಳು. ಆಮೇಲೆ ತನ್ನಷ್ಟಕ್ಕೆ, “ಎಂಟಾರ್ಲಿ ನಲವತ್ತೆಂಟು. ಮತ್ತೊಂದು. ನಲವತ್ತೊಂಬತ್ತು.”

ನಮ್ಮ ಮನೆಯ ಮಾತು ಅವಳ ಸ್ಲೇಟಿನ ಮೇಲೆ ಹತ್ತಿ ಕೂತಿತ್ತು. ಹೆದರಿ ಒಂದು ಮಾತು ಬಿಟ್ಟಿದ್ದಳು, ಅದರ ಬದಲಿಗೆ ಮನೆಯಲ್ಲಿ ಕೇಳಿದ ಮಾತು ಇಟ್ಟುಕೊಂಡಿದ್ದಳು, ಆ ಮಾತು ಹೇಳಿದ ಹಾಗೆಯೇ ಲೆಕ್ಕ ಮಾಡುತ್ತಿದ್ದಳು.

“ಆರು ಮತ್ತೊಂದು ಅಂದ್ರೆ ಏನು ಅಂತ ನನಗೆ ಮೊದಲು ಗೊತ್ತೇ ಆಗ್ಲಿಲ್ಲ,” ಅಂದರು ಶಿಕ್ಷಕಿ. “ಇಷ್ಟು ಮಕ್ಕಳಲ್ಲಿ ಇವಳೊಬ್ಬಳೇ ಹಂಗೆ ಹೇಳೋದು. ಮನೇಲಿ ಯಾರು ಹೇಳ್ತಾರೆ ಅಣ್ಣಾ?”

ಹೇಳಿದೆ. ಅತ್ತೆಯ ತೆಲುಗು, ಕಣದ ಲೆಕ್ಕ, ಭಾವಮೈದನ ಕಾಲು, ಎಲ್ಲ ಹೇಳಿದೆ. ಆಕೆ ಹುಣಸೆಬೀಜ ಬೊಗಸೆಗೆ ತುಂಬಿಕೊಂಡರು. “ನಮ್ಮ ಉರ್ದೂಲಿ ಇದಕ್ಕೆ ಸಾತ್ ಅಂತಾರೆ,” ಅಂದರು. “ಜೊತೆ ಅನ್ನೋಕೂ ಹೆಚ್ಚುಕಮ್ಮಿ ಅದೇ ಮಾತು.” ಅದನ್ನು ಮಗಳಿಗೂ ಹೇಳಿದ್ದರಂತೆ. ಅವಳು ಒಪ್ಪಿರಲಿಲ್ಲ.

ಅವತ್ತು ನನ್ನ ಎದುರಿಗೇ ಆಕೆ ನೆಲದ ಮೇಲೆ ಬೀಜ ಹಾಕಿಸಿದರು. ಒಂದು ಸಾಲಿಗೆ ಎಂಟು ಬೀಜ. ಅಂಥ ಆರು ಸಾಲು, ಒಂದರ ಕೆಳಗೆ ಒಂದು.

“ಎಷ್ಟಾಯ್ತು?”

“ನಲವತ್ತೆಂಟು ಮಿಸ್.”

“ಈಗ ಮತ್ತೊಂದು.”

ಮಗಳು ಒಂದು ಬೀಜ ತೆಗೆದು ಕೆಳಗಿಟ್ಟಳು. ಒಂಟಿ ಬೀಜ. ಅದರ ಪಕ್ಕದಲ್ಲೆಲ್ಲ ಖಾಲಿ.

“ನೋಡು, ಈ ಸಾಲು ಹಸ್ಕೊಂಡಿದೆ. ಮೇಲಿನವರಿಗೆಲ್ಲ ಎಂಟೆಂಟು, ಇವ್ನಿಗೆ ಒಂದೇನಾ?”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಒಂದೊಂದೇ ಬೀಜ ಇಟ್ಟು ಸಾಲು ತುಂಬಿಸಿದಳು.

“ಮತ್ತೊಂದು ಬೀಜ ಅಲ್ಲ,” ಅಂದಳು. “ಮತ್ತೊಂದು ಸಾಲು.”

“ಬಸ್, ಅಷ್ಟೇ! ಎಷ್ಟು?”

“ಐವತ್ತಾರು.”

ಬಂಡೆ ಸೀಳುವಾಗ ಉಳಿ ಸರಿಯಾದ ಗೆರೆಗೆ ಬಿದ್ದರೆ ಒಂದು ಬೇರೆಯೇ ಸದ್ದು ಬರುತ್ತದೆ. ಅವಳ ಮುಖದಲ್ಲಿ ಅವತ್ತು ಅಂಥದ್ದೇನೋ ಆಯಿತು. ಆಮೇಲೆ ಆಕೆ ಆ ಸಾಲುಗಳ ನಡುವೆ ಒಂದು ಕಡ್ಡಿ ಇಟ್ಟು ಮೇಲೆ ಐದು ಸಾಲು, ಕೆಳಗೆ ಎರಡು ಸಾಲು ಮಾಡಿ ತೋರಿಸಿದರು. ಐದರದು ನಲವತ್ತು, ಎರಡರದು ಹದಿನಾರು, ಕೂಡಿದರೆ ಅದೇ ಐವತ್ತಾರು. ಹೀಗೆ ಒಡೆದು ಮಾಡಿದರೆ ಎಷ್ಟು ದೊಡ್ಡ ಲೆಕ್ಕವಾದರೂ ಬಾಯಿಪಾಠ ಬೇಡ. ನನಗೆ ಇದು ಬಲು ಹಿಡಿಸಿತು. ನಾವು ಬಂಡೆಗೂ ಅದನ್ನೇ ಮಾಡುವುದು.

“ನೋಡಿ ಅಣ್ಣಾ,” ಅಂದರು, ಮಗಳು ಆಚೆ ಹೋದ ಮೇಲೆ. “ಆ ಮಾತು ಹೇಳ್ದಿದ್ರೂ ಲೆಕ್ಕ ಬಂತಲ್ಲ. ಐದು ಸಾಲು, ಎರಡು ಸಾಲು. ಹೇಳೋದೇ ಬೇಡ.”

“ಇಲ್ಲ ಮೇಡಂ. ಲೆಕ್ಕ ಬಂದ್ರೆ ಸಾಲ್ದು. ಅವ್ಳು ಬಾಯ್ಬಿಟ್ಟು ಹೇಳ್ಬೇಕು. ಇವತ್ತು ಒಂದಂಕಿಗೆ ಹೆದರ್ದೋಳು ನಾಳೆ ಇಸ್ಕೂಲಿಗೇ ಹೆದರ್ತಾಳೆ.”

“ಅವಳು ಅಂಕಿಗೆ ಹೆದರ್ತಿಲ್ಲ ಅಣ್ಣಾ. ನಿಮಗೇನಾದ್ರೂ ಆಗುತ್ತೆ ಅಂತ ಹೆದರ್ತಾಳೆ.”

ಎದ್ದು ಬಂದೆ.

ಭಾವಮೈದ ತನ್ನ ಕೈಲಾದದ್ದು ಮಾಡಿದ. ತಮಾಷೆ ಎಲ್ಲಿಗೆ ಹೋಗಿ ನಿಂತಿದೆ ಎಂದು ಅವನಿಗೂ ಗೊತ್ತಾಗಿತ್ತು. ಒಂದು ಸಂಜೆ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ. “ಲೇ ಪುಟ್ಟಿ, ಮಗ್ಗಿಗೂ ಕಾಲಿಗೂ ಏನೂ ಇಲ್ಲ ಕಣಮ್ಮ. ದಿಮ್ಮಿ ಕೆಳೀಕೆ ಅಡ್ಡಗಲ್ಲು ಕೊಡ್ಬೇಕಿತ್ತು, ಕೊಟ್ಟಿರ್ಲಿಲ್ಲ. ಮರೆತ್ಬುಟ್ಟೆ. ಅದಕ್ಕೇ ಹೊಳ್ಳಿದ್ದು.”

“ದಿನಾ ಕೊಡ್ತಿದ್ದಾ ಮಾವ?”

“ದಿನಾ ಕೊಡ್ತಿದ್ದೆ.”

“ಅವತ್ತು ಯಾಕೆ ಮರ್ತೆ?”

ಒಳಗೆ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ತಟ್ಟುವ ಸದ್ದು ಮತ್ತೆ ಶುರುವಾಯಿತು.

ಚಳಿಗಾಲದಲ್ಲಿ ಶಾಲೆಯಲ್ಲಿ ಕಲಿಕಾ ಹಬ್ಬ ಗೊತ್ತಾಯಿತು. ಮಕ್ಕಳು ಕಲಿತದ್ದನ್ನು ಊರಿನವರ ಮುಂದೆ, ಅಕ್ಕಪಕ್ಕದ ಶಾಲೆಯ ಮೇಷ್ಟ್ರುಗಳ ಮುಂದೆ ಮಾಡಿ ತೋರಿಸಬೇಕು. ಬೀಜದ ಲೆಕ್ಕಕ್ಕೆ ನನ್ನ ಮಗಳನ್ನೇ ಆರಿಸಿದ್ದರು. ಎಂಟು ಬೀಜದ ಸಾಲುಗಳನ್ನು ಜೋಡಿಸುತ್ತಾ, ಎಷ್ಟನೇ ಸಾಲು ಎಂದು ಬಾಯಲ್ಲಿ ಹೇಳುತ್ತಾ ಹೋಗಬೇಕು. ಆರಾದ ಮೇಲಿನ ಅಂಕಿ ಅವಳ ಬಾಯಲ್ಲಿ ಬರುವುದಿಲ್ಲ ಎನ್ನುವುದು ನಮ್ಮ ಮನೆಯವರಿಗೆ ಬಿಟ್ಟರೆ ಶಿಕ್ಷಕಿಗೆ ಮಾತ್ರ ಗೊತ್ತು. “ಬೇಡ ಅಂದ್ರೆ ಬೇರೆ ಮಗೂಗೆ ಕೊಡ್ತೀನಿ,” ಎಂದು ಹೇಳಿಕಳಿಸಿದ್ದರು. “ಅವ್ಳೇ ಮಾಡ್ಲಿ,” ಎಂದು ನಾನು ಹೇಳಿದೆ.

ಆ ದಿನವೇ ಕ್ವಾರಿಯಲ್ಲಿ ಮದ್ದು ಹಾರಿಸುವ ದಿನವೂ ಬಿತ್ತು. ಮದ್ದಿನವನು ಕೊರಟಗೆರೆ ಕಡೆಯಿಂದ ಬರಬೇಕು. ಅವನು ಬರುವ ದಿನ ನಮ್ಮ ಕೈಯಲ್ಲಿಲ್ಲ.

ಹಿಂದಿನ ಸಂಜೆಯಿಂದಲೇ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಬೆಳಿಗ್ಗೆ ನಾನು ಬುತ್ತಿ ಕಟ್ಟಿಸಿಕೊಳ್ಳುವಾಗ ಹೆಂಡತಿ ಡಬ್ಬಿಯನ್ನು ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು.

“ಇವತ್ತೊಂದಿನ ಹೋಗ್ಬ್ಯಾಡಿ.”

“ಯಾಕೆ?”

“ಯಾಕೆ ಅಂದ್ರೆ? ಮಗ್ಳ ಕಾರ್ಯಕ್ರಮ ನೋಡೋಕೆ ಅಂತ ಇರಿ. ಯಾರ್ ಏನಂತಾರೆ?”

ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮಗಳು ಅಡುಗೆಮನೆಯ ಬಾಗಿಲಲ್ಲಿ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆಯಲ್ಲಿ, ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ನಾನು ಉಳಿದರೆ ಅವಳಿಗೆ ಒಂದು ಸಂಗತಿ ಖಾತ್ರಿಯಾಗುತ್ತಿತ್ತು: ಅಪ್ಪನೂ ನಂಬುತ್ತಾನೆ. ಹೋಗಿ ಅಲ್ಲಿ ಹೆಚ್ಚುಕಮ್ಮಿಯಾದರೆ ಇನ್ನೊಂದು ಖಾತ್ರಿಯಾಗುತ್ತಿತ್ತು. ಅದು ಅವಳು ಬದುಕಿರುವವರೆಗೂ ಅಳಿಸುವಂಥದ್ದಲ್ಲ. ಬಂಡೆಯ ಕೆಲಸದಲ್ಲಿ ಹೆಚ್ಚುಕಮ್ಮಿಯಾಗುವುದಕ್ಕೆ ಮಗ್ಗಿಯೇ ಬೇಕಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಕೊಡು ಇತ್ಲಾಗೆ,” ಎಂದು ಡಬ್ಬಿ ಇಸಿದುಕೊಂಡೆ. ಮಗಳಿಗೆ, “ಗಟ್ಟಿಯಾಗಿ ಹೇಳ್ಬೇಕು. ಬಂಡೆ ತಾವ್ಕೂ ಕೇಳ್ಬೇಕು,” ಅಂದೆ.

ಅತ್ತೆ ಹೊಸಿಲಲ್ಲಿ ನಿಂತಿದ್ದರು. ಹಣೆಗೆ ವಿಭೂತಿ ಇಡಲು ಕೈ ಎತ್ತಿದರು. ನಾನು ತಲೆ ಬಗ್ಗಿಸಿದೆ. ಬೇಡ ಅನ್ನಲಿಲ್ಲ.

ಅವತ್ತು ಬಿಸಿಲು ಚುರುಕಾಗಿತ್ತು. ದೂರದಲ್ಲಿ ಮಧುಗಿರಿಯ ಬೆಟ್ಟ ಕಾದ ಹೆಂಚಿನ ಹಾಗೆ ಝಳ ಬೀರುತ್ತಿತ್ತು. ಕುಳಿಗಳಿಗೆ ಮದ್ದು ತುಂಬಿ, ಕೆಂಪು ಬಾವುಟ ನೆಟ್ಟು, ಮದ್ದಿನವನು ಸೀಟಿ ಊದಿದ. ನಾವೆಲ್ಲ ಹಿಂದೆ ಸರಿದು ದೊಡ್ಡ ಬಂಡೆಯ ಮರೆಯಲ್ಲಿ ಕೂತೆವು. ಶಾಲೆಯಲ್ಲಿ ಈಗ ಎಷ್ಟನೇ ಸಾಲಿಗೆ ಬಂದಿದ್ದಾಳೋ ಎಂದುಕೊಂಡೆ. ನೆಲ ಅದುರಿತು, ಆಮೇಲೆ ಸದ್ದು, ಆಮೇಲೆ ಚೂರು ಬೀಳುವ ಮಳೆ. ನಾನು ಏಳಲು ನೋಡಿದೆ. ಮದ್ದಿನವನು ನನ್ನ ಭುಜ ಹಿಡಿದು ಕೂರಿಸಿದ.

“ಇರಣ್ಣ. ಒಂದು ಕುಳಿ ಹಾರಿಲ್ಲ.”

ಹಾರದೆ ಉಳಿದ ಮದ್ದಿಗಿಂತ ಕೆಟ್ಟದ್ದು ಬಂಡೆಯ ಕೆಲಸದಲ್ಲಿ ಇನ್ನೊಂದಿಲ್ಲ. ಅದು ಸತ್ತಿದೆಯೋ ನಿದ್ದೆ ಮಾಡುತ್ತಿದೆಯೋ ಹೇಳುವ ಹಾಗಿಲ್ಲ. ಕಾಯಬೇಕು ಅಷ್ಟೆ. ಯಾರೂ ಬೀಡಿ ಹಚ್ಚಲಿಲ್ಲ. ನೊಣ ಗುಂಯ್‌ಗುಡುವುದು ಕೇಳುತ್ತಿತ್ತು. ನಮ್ಮಲ್ಲಿ ಒಬ್ಬ, “ಇವತ್ತು ಯಾರ್ ಮುಖ ನೋಡ್ಕೊಂಡ್ ಬಂದ್ರಲೇ?” ಎಂದು ನಗಿಸಲು ನೋಡಿದ. ನಗು ಬರಲಿಲ್ಲ. ನಾನು ಊರಿನ ಕಡೆಗೆ ಕಿವಿಯಿಟ್ಟು ಕೂತಿದ್ದೆ. ಅಷ್ಟು ದೂರದಿಂದ ಏನೂ ಕೇಳುವುದಿಲ್ಲ ಎಂದು ಗೊತ್ತಿದ್ದೂ ಕೂತಿದ್ದೆ. ಬಂಡೆಯ ನೆರಳು ನಮ್ಮ ಕಾಲು ದಾಟಿ ಆಚೆ ಹೋದ ಮೇಲೆ ಮದ್ದಿನವನು ಒಬ್ಬನೇ ಎದ್ದು ಹೋದ, ನೋಡಿದ, ಕೈಬೀಸಿದ. ಏನೂ ಆಗಲಿಲ್ಲ.

ಮನೆಗೆ ಬಂದಾಗ ಬೀದಿಯ ತುದಿಯಲ್ಲಿ ಮಗಳು ಇರಲಿಲ್ಲ. ಜಗಲಿಯಲ್ಲಿ ಭಾವಮೈದ ದೂರದಿಂದಲೇ ಕೂಗಿದ. “ಭಾವಾ, ಚಪ್ಪಾಳೆ ಅಂದ್ರೆ ಚಪ್ಪಾಳೆ! ನನ್ನೂ ಕುರ್ಚಿ ಮೇಲೆ ಹೊತ್ಕೊಂಡೋಗಿ ಕೂರ್ಸಿದ್ರು. ಒಂದ್ ಬೀಜ ತಪ್ಪಲಿಲ್ಲ ಇವ್ಳು.”

ಒಳಗೆ ಹೋದೆ. ಅವಳು ಹೊಸ ಲಂಗದಲ್ಲೇ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಕೂತು ನನ್ನ ಎರಡು ಕಾಲನ್ನೂ ಅವಳ ಮುಂದೆ ಚಾಚಿದೆ.

“ನೋಡಿದ್ಯಾ? ನೀನು ಹೇಳ್ದೆ. ನಾನು ಬಂದೆ.”

ಅವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ಕಿವಿಗೆ ಬಗ್ಗಿದಳು.

“ಹೇಳ್ಲಿಲ್ಲಪ್ಪ. ಬಾಯಿ ಆಡ್ಸಿದೆ ಅಷ್ಟೆ. ಜೊತೆಗೆ ಎಲ್ಲಾರೂ ಕೂಗ್ತಿದ್ರು, ಯಾರ್ಗೂ ಗೊತ್ತಾಗ್ಲಿಲ್ಲ.”

ನಾನು ಹೋಗಿದ್ದೂ ಬಂದದ್ದೂ ದಂಡವಾಗಿತ್ತು. ಅವಳ ಲೆಕ್ಕದಲ್ಲಿ, ಅವಳು ಬಾಯಿ ಮುಚ್ಚಿದ್ದಕ್ಕೇ ನಾನು ಬದುಕಿ ಬಂದಿದ್ದೆ.

“ಸರಿ ಬುಡು,” ಅಂದೆ. “ನಾಳೆ ಬೆಳಗ್ಗೆ ನಾನು ಹೊರಡೋವಾಗ ನನ್ ಮುಖ ನೋಡ್ಕೊಂಡು ಹೇಳು.”

“ನೀನು ಹೋಗ್ಬ್ಯಾಡ. ಹೋಗ್ದಿದ್ರೆ ಹೇಳ್ತೀನಿ.”

“ಹೋಗ್ತೀನಿ. ನೀನೂ ಹೇಳ್ತೀಯ.”

ಮಾರನೆಯ ಬೆಳಿಗ್ಗೆ ಬೈಕು ಹೊರಗೆ ತಳ್ಳಿ ನಿಲ್ಲಿಸಿ ಕಾದೆ. ಅವಳು ಹೊಸಿಲ ಮೇಲೆ ಬಂದು ನಿಂತಳು. ಅತ್ತೆ ಅಂಗಳ ಸಾರಿಸುವುದನ್ನು ಬಿಟ್ಟು ನೆಟ್ಟಗಾದರು. ಒಂದು ಸಲ ಬಾಯಿ ತೆರೆದು ಮುಚ್ಚಿದಳು. ಎರಡನೆಯ ಸಲ, ಮುಳ್ಳು ಉಗಿದ ಹಾಗೆ, “ಎಂಟೇಳ್ಲಿ ಐವತ್ತಾರು,” ಅಂದಳು. ಅಂದವಳೇ ಅಳತೊಡಗಿದಳು. ಅತ್ತೆಯ ಕೈಯಲ್ಲಿದ್ದ ನೀರಿನ ಚೊಂಬು ಕೆಳಗೆ ಬಿತ್ತು. ನಾನು ಬೈಕು ಒದ್ದು ಹೊರಟೆ. ತಿರುಗಿ ನೋಡಲಿಲ್ಲ.

ಸಂಜೆ ಬಂದೆ. ಮರುದಿನ ಮತ್ತೆ ಹೇಳಿದಳು, ಅಳು ಕಡಿಮೆಯಿತ್ತು. ಅದರ ಮರುದಿನವೂ ಹೇಳಿದಳು. ಹೀಗೆ ಅದೊಂದು ಪದ್ಧತಿಯೇ ಆಯಿತು. ಬೆಳಿಗ್ಗೆ ನಾನು ಹೊರಡುವುದು, ಅವಳು ಹೊಸಿಲಿಗೆ ಬಂದು ಎಂಟೇಳ್ಲಿ ಐವತ್ತಾರು ಅನ್ನುವುದು, ಅತ್ತೆ ಎದ್ದು ಒಳಗೆ ಹೋಗುವುದು. ಐದನೇ ಕ್ಲಾಸಿಗೆ ಬಂದಳು. ಸಿರಾದ ಶಿಕ್ಷಕಿ ಬೇರೆ ಊರಿಗೆ ಹೋದರು. ಅವರು ಬಿಟ್ಟುಹೋದ ಬೀಜದ ಡಬ್ಬಿಯನ್ನು ಇವಳೇ ಚಿಕ್ಕ ಮಕ್ಕಳ ಮುಂದೆ ಸುರಿದು ಸಾಲು ಹಾಕಿಸುತ್ತಾಳೆ ಎಂದು ಕೇಳಿದೆ. ಬೀದಿಯ ತುದಿಯಲ್ಲಿ ನಿಲ್ಲುವುದು ಬಿಟ್ಟಳು. ಮದ್ದಿನ ಸದ್ದಿಗೆ ಆಟ ನಿಲ್ಲಿಸುವುದೂ ಬಿಟ್ಟಳು. ಹೊಸಿಲಿಗೆ ಬರುವುದು ಮಾತ್ರ ಬಿಟ್ಟಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಗೆಳತಿಯರು ಬಾಗಿಲಿಗೇ ಬಂದು ಕೂಗಿದರು. ಶಾಲೆಯಲ್ಲಿ ಖೋಖೋ ಪಂದ್ಯವಂತೆ. ಅವಳು ಒಂದು ಕೈಯಲ್ಲಿ ಬ್ಯಾಗು, ಒಂದು ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು, ನನ್ನ ಪಕ್ಕದಲ್ಲೇ ಹಾದು, “ಬತ್ತೀನಪ್ಪ,” ಎಂದು ಓಡಿಹೋದಳು. ಐವತ್ತಾರು ಅನ್ನಲಿಲ್ಲ. ಮರೆತಿದ್ದಳು.

ನಾನು ಬೈಕಿಗೆ ಕೀಲಿ ಹಾಕಿದವನು ಹಾಗೇ ನಿಂತೆ.

ಹೆಂಡತಿ ಒಳಗಿಂದ, “ಏನು ನಿಂತ್ಬುಟ್ರಿ? ಡಬ್ಬಿ ತಗಂಡ್ರಾ?” ಅಂದಳು.

“ತಗಂಡೆ.”

ರಸ್ತೆಯಲ್ಲಿ ಮದ್ದಿನವನ ಜೀಪು ಕ್ವಾರಿಯ ಕಡೆಗೆ ಹೋಯಿತು. ಅದರ ಹಿಂದೆ ಮಡಚಿಟ್ಟ ಕೆಂಪು ಬಾವುಟ ಕಾಣುತ್ತಿತ್ತು. ಅತ್ತೆ ಅಂಗಳದ ಆ ತುದಿಯಿಂದ ನನ್ನನ್ನು ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮಿಬ್ಬರ ಮನಸ್ಸಿನಲ್ಲಿ ಒಂದೇ ಸಂಗತಿ ಇತ್ತು. ಮದ್ದಿನ ದಿನವೇ ಅವಳು ಹೇಳದೆ ಹೋಗಿದ್ದಳು.

ಜಗಲಿಯಿಂದ ಭಾವಮೈದ ಮೆಲ್ಲಗೆ ಕೇಳಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಭಾವಾ, ಇನ್ನೂ ತಿರುವಲ್ಲೇ ಅವ್ಳೆ. ಕೂಗ್ಲಾ?”

ತಿರುವಿನಲ್ಲಿ ಹುಡುಗಿಯರ ನಗು ಕೇಳುತ್ತಿತ್ತು. ಯಾವುದು ಅವಳದು ಎಂದು ಬೇರೆ ಮಾಡಲಾಗದಷ್ಟು ಬೆರೆತ ನಗು.

“ಬ್ಯಾಡ ಬುಡು,” ಎಂದು ಬೈಕು ಒದ್ದೆ.